ಕ್ಲಬ್ಬಿಗೆ ಬಳುಕಿ, ನಮಗೆ ನೆಟ್ಟಗಾದ ವರ್ತುಲ ರಸ್ತೆಯವರಿಗೆ

ನಮ್ಮ ವೆಲ್ಡಿಂಗ್ ತರಬೇತಿ ಶಾಲೆಯ ಅಂಗಳದಲ್ಲಿ ಸೇರಿರುವ ನೆರೆಹೊರೆಯವರಿಗೂ, ರಸ್ತೆಯ ಆಚೆ ಬದಿಯಲ್ಲಿ ನಿಂತು ನಮ್ಮ ಧ್ವನಿವರ್ಧಕದತ್ತ ಕಿವಿಗೊಟ್ಟಿರುವ ಉಳಿದರ್ಧ ಸಭೆಗೂ ನಮಸ್ಕಾರ. ಈ ಶಾಲೆಗೆ ತಮ್ಮ ಹಳೆಯ ಕುಲುಮೆಯ ಶೆಡ್ಡನ್ನೇ ಬಿಟ್ಟುಕೊಟ್ಟ ಹಿರಿಯ ಕಮ್ಮಾರರಿಗೂ, ಆಚೆ ಬದಿಯಲ್ಲಿ ತಮ್ಮ ಗುಜರಿ ಅಂಗಡಿಯ ಅಂಗಳವನ್ನು ಸಭೆಗೆಂದು ಗುಡಿಸಿಕೊಟ್ಟಿರುವ, ಬಡಾವಣೆಯೆಲ್ಲ ಅತ್ತೆ ಎಂದೇ ಕರೆಯುವ ಹಿರಿಯಾಕೆಗೂ ಮೊದಲ ಕೃತಜ್ಞತೆಗಳು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವ ಆಸೆಯಿತ್ತು. ನಡುವೆ, ವರ್ತುಲ ರಸ್ತೆಯವರೇ, ತಾವು ಮಲಗಿದ್ದೀರಿ. ಆದಕಾರಣ ಈ ಪತ್ರ ತಮಗೇ.

ಮಾನ್ಯ ಹೊರ ವರ್ತುಲ ರಸ್ತೆಯವರೇ,

ತಾವು ಹುಟ್ಟಿದಾಗ ನಗರದ ಕೊನೆಯ ಮನೆಗಿಂತ ಬಹುದೂರದಲ್ಲಿದ್ದಿರಿ, ಲಾರಿಗಳು ಊರೊಳಗೆ ಬಾರದಂತೆ ಸುತ್ತು ಹಾಕಿಸುವುದಷ್ಟೇ ತಮ್ಮ ಕೆಲಸವಾಗಿತ್ತು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ. ಊರು ತಮ್ಮನ್ನು ದಾಟಿ ಬೆಳೆಯಿತು. ತಮ್ಮ ಆಚೆಗೊಂದು ವರ್ತುಲ, ಅದರ ಆಚೆಗೆ ಇನ್ನೊಂದು ವರ್ತುಲ ಬಂದವು. ಆದರೂ ಊರಿನ ಹೊಕ್ಕುಳಲ್ಲಿ ಕುಳಿತು ‘ಹೊರ’ ಎಂಬ ಹಸಿರು ಫಲಕವನ್ನು ತೂಗುಹಾಕಿಕೊಂಡಿರುವ ತಮ್ಮ ಧೈರ್ಯ, ನಿವೃತ್ತಿಯ ನಂತರವೂ ಬಾಗಿಲಿನ ನಾಮಫಲಕದಿಂದ ಹುದ್ದೆಯನ್ನು ಅಳಿಸದ ಅಧಿಕಾರಿಗಳಿಗೂ ಬಂದೀತೆಂದು ನನಗನ್ನಿಸುವುದಿಲ್ಲ.

ತಮ್ಮ ಮಾರ್ಗದ ಸೌಜನ್ಯವನ್ನಂತೂ ಹೊಗಳಲೇಬೇಕು. ಪೂರ್ವದಲ್ಲಿ ದೊಡ್ಡವರ ಕ್ಲಬ್ಬಿನ ಟೆನಿಸ್ ಅಂಗಳ ಎದುರಾದಾಗ ತಾವು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಸರಿದಿರಿ. ದಕ್ಷಿಣದಲ್ಲಿ ಸಿಮೆಂಟ್ ವ್ಯಾಪಾರಿಯ ಬಂಗಲೆ ಕಂಡಾಗ ಸೊಂಟವನ್ನು ಹೊರಕ್ಕೆ ಬಳುಕಿಸಿದಿರಿ. ಉತ್ತರದಲ್ಲಿ ಕೆರೆ ಎದುರಾಯಿತು, ಅದಕ್ಕೆ ಮೇಲಿನವರ ಪರಿಚಯವಿರಲಿಲ್ಲ, ಹಾಗಾಗಿ ಮಣ್ಣು ತುಂಬಿ ಅದರ ಎದೆಯ ಮೇಲೇ ನಡೆದಿರಿ. ನಕ್ಷೆಯಲ್ಲಿ ಇಂದು ತಾವು ವೃತ್ತದಂತಲ್ಲ, ಹಿಂಡಿ ಎಸೆದ ಒದ್ದೆ ಬಟ್ಟೆಯಂತೆ ಕಾಣುತ್ತೀರಿ. ಇಷ್ಟೊಂದು ಮೃದುವಾದ ತಾವು ನಮ್ಮ ಬಡಾವಣೆಗೆ ಬಂದೊಡನೆ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಶಾಲೆಯನ್ನು ಒಂದು ಬದಿಗೂ ವಿದ್ಯಾರ್ಥಿಗಳ ಮನೆಗಳನ್ನು ಇನ್ನೊಂದು ಬದಿಗೂ ಹಂಚಿ, ಅಳತೆಪಟ್ಟಿ ಇಟ್ಟಂತೆ ಹಾದುಹೋದಿರಿ. ತಮಗೂ ನೇರವಾಗಿ ನಡೆಯಲು ಬರುತ್ತದೆಂದು ಅಂದೇ ತಿಳಿದದ್ದು.

ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಾಳೆ, ಶಾಲೆಯಲ್ಲಿ ಎಲ್ಲರೂ ಅವಳನ್ನು ಕಿಡಿ ಎನ್ನುತ್ತೇವೆ. ಎರಡು ಕಬ್ಬಿಣದ ಪಟ್ಟಿಗಳನ್ನು ಅವಳು ಬೆಸೆದರೆ, ಉಜ್ಜಿದ ಮೇಲೆ ಕೂಡಿದ ಜಾಗವನ್ನು ಬೆರಳಿನಿಂದಲೂ ಹುಡುಕಲಾಗದು. ಅವಳ ಮನೆಯ ಮಹಡಿಯ ಮೇಲೆ ಒಣಗಲು ಹಾಕಿದ ಬಟ್ಟೆ ನನ್ನ ತರಗತಿಯ ಕಿಟಕಿಗೆ ಕಾಣುತ್ತದೆ. ಆ ಮನೆಯಿಂದ ಈ ಕಿಟಕಿಗೆ ಬರಲು ಅವಳು ಬಸ್ಸು ಹತ್ತಿ, ಕ್ಲಬ್ಬಿನ ಬಳಿಯ ಮೇಲ್ಸೇತುವೆಯವರೆಗೆ ಹೋಗಿ, ಅಲ್ಲಿ ಇಳಿದು ಈಚೆಗೆ ದಾಟಿ, ಇನ್ನೊಂದು ಬಸ್ಸಿಗೆ ಕಾದು, ಬಂದ ದಾರಿಯನ್ನೇ ಮರಳಿ ನೋಡುತ್ತ ಬರಬೇಕು. ದಿನವೂ ತಡ, ಹಾಜರಾತಿ ಕುಸಿದು, ಅಂತಿಮ ಪರೀಕ್ಷೆಗೆ ಕೂರುವ ಅರ್ಹತೆಯೇ ಕೈತಪ್ಪುವ ಹಂತಕ್ಕೆ ಬಂದಿದೆ. ಕಳೆದ ವಾರ ಅವಳ ತಾಯಿ ಫೋನು ಮಾಡಿ, “ಮೇಷ್ಟ್ರೇ, ಮಹಡಿ ಮೇಲೆ ನಿಂತು ಕೂಗಿದ್ರೆ ಕೇಳಿಸೋ ಶಾಲೆಗೆ ಊರೆಲ್ಲ ಸುತ್ತಿ ಕಳಿಸ್ತಿದ್ದೀನಿ. ಸಾಕು, ಇನ್ನು ಬಿಡಿಸಿಬಿಡ್ತೀನಿ,” ಎಂದರು.

ತಮ್ಮ ಇಲಾಖೆಗೆ ಪಾದಚಾರಿ ಸೇತುವೆಯೊಂದನ್ನು ಬೇಡಿದೆವು. ಇಲಾಖೆಯ ಕಾಳಜಿ ನೋಡಿ: ಎಷ್ಟು ಜನ ದಾಟುತ್ತಾರೆಂದು ಎಣಿಸದೆ ಸೇತುವೆ ಕಟ್ಟುವಂತಿಲ್ಲ, ಎಣಿಸುವಾಗ ಯಾರಿಗೂ ಅಪಾಯವಾಗಕೂಡದು, ಆದ್ದರಿಂದ ಮೊದಲು ತಮ್ಮ ಉದ್ದಕ್ಕೂ ಆಳೆತ್ತರದ ಕಬ್ಬಿಣದ ಬೇಲಿ ಹಾಕಿ, ಆಮೇಲೆ ದಾಟುವವರನ್ನು ಎಣಿಸಲು ಹುಡುಗರನ್ನು ಕೊಡೆಯ ಕೆಳಗೆ ಕೂರಿಸಿದರು. ಬಿಸಿಲಿನಲ್ಲಿ ಬೆಂದ ಆ ಮಕ್ಕಳಿಗೆ ನಾನೇ ನೀರು ಕೊಟ್ಟೆ. ಅವರ ಮೇಲೆ ನನಗೆ ಎಳ್ಳಷ್ಟೂ ಮುನಿಸಿಲ್ಲ. ಆಚೆಯಿಂದ ಕಿಡಿ, “ಬೇಲಿ ತೆಗೀರಣ್ಣಾ, ಆಮೇಲೆ ಎಣಿಸಿ!” ಎಂದು ಕೂಗಿದಳು. ಅವರಲ್ಲೊಬ್ಬ ನಕ್ಕು, “ನಮಗೆ ಎಣಿಸೋಕೆ ಹೇಳಿದ್ದಾರಕ್ಕಾ, ಕೇಳಿಸ್ಕೊಳ್ಳೋಕೆ ಹೇಳಿಲ್ಲ,” ಎಂದ. ಆ ಇಲಾಖೆಯನ್ನು ಇಷ್ಟು ಚೊಕ್ಕವಾಗಿ ಬಣ್ಣಿಸಿದವರನ್ನು ನಾನು ಬೇರೆ ಕಂಡಿಲ್ಲ. ಅವನು ವೆಲ್ಡಿಂಗ್ ಕಲಿಯಲು ಬಂದರೆ ಒಂದು ಜಾಗ ಖಾಲಿ ಇಟ್ಟಿರುತ್ತೇನೆ. ಕೊನೆಗೆ ವರದಿ ಬಂತು: ಇಲ್ಲಿ ಯಾರೂ ದಾಟುತ್ತಿಲ್ಲವಾದ್ದರಿಂದ ಸೇತುವೆಯ ಅಗತ್ಯ ಕಂಡುಬಂದಿಲ್ಲ. ಬಾಯಿಗೆ ಬಟ್ಟೆ ತುರುಕಿ, ಊಟ ಕೇಳಲಿಲ್ಲವೆಂದು ಬರೆದುಕೊಂಡು ಹೋದ ಹಾಗಾಯಿತು.

ಆದ್ದರಿಂದ, ಮಾನ್ಯರೇ, ತಮ್ಮಲ್ಲೇ ನೇರವಾಗಿ ಕೆಲವು ಸಣ್ಣ ವಿನಂತಿಗಳು. ಶಾಲೆ ಶುರುವಾಗುವ ಹೊತ್ತಿಗೆ ತಾವು ಚಾಪೆಯಂತೆ ಸುರುಳಿ ಸುತ್ತಿಕೊಂಡು, ಮಕ್ಕಳು ದಾಟಿದ ಮೇಲೆ ಮತ್ತೆ ಹಾಸಿಕೊಳ್ಳಬಹುದು. ಅದು ಘನತೆಗೆ ಕುಂದೆನಿಸಿದರೆ, ಬಂಗಲೆಗೆ ಬಳುಕಿದ ಸೊಂಟವನ್ನು ಕಿಡಿಯ ಮನೆಯ ಹಿಂದಕ್ಕೊಮ್ಮೆ ಬಳುಕಿಸಿದರೂ ಆದೀತು. ಅದೂ ಆಗದಿದ್ದಲ್ಲಿ ಶಾಲೆಯಿರುವ ಈ ನೆಲವನ್ನು ಎತ್ತಿ ಆಚೆಗಿಟ್ಟುಬಿಡಿ. ಕೆರೆಯನ್ನೇ ಕಾಣೆಯಾಗಿಸಿದವರಿಗೆ ಒಂದು ಶೆಡ್ಡು ಯಾವ ಭಾರ?

ತಮ್ಮ ಉತ್ತರ ಬರುವುದರೊಳಗೆ ನನ್ನ ಮಕ್ಕಳಿಗೆ ಮೊಮ್ಮಕ್ಕಳಾಗಬಹುದೆಂಬ ಅಂದಾಜಿನಿಂದ, ಶಾಲೆಯ ಮುಖ್ಯಸ್ಥನಾಗಿ ಒಂದು ನಿರ್ಧಾರ ಮಾಡಿದ್ದೇನೆ. ಈ ವರ್ಷದ ಅಂತಿಮ ಪ್ರಾಯೋಗಿಕ ಪರೀಕ್ಷೆಗೆ ಎಂದಿನ ಕಿಟಕಿ ಸರಳುಗಳಿಲ್ಲ, ಗೇಟುಗಳಿಲ್ಲ, ಎರಡು ಮೆಟ್ಟಿಲುಗೋಪುರಗಳು. ಒಂದು ನಮ್ಮ ಅಂಗಳದಲ್ಲಿ, ಇನ್ನೊಂದು ಗುಜರಿ ಅಂಗಡಿಯ ಅಂಗಳದಲ್ಲಿ, ಎರಡೂ ಒಂದೇ ಎತ್ತರಕ್ಕೆ, ಒಂದನ್ನೊಂದು ನೋಡುತ್ತ ನಿಲ್ಲುವಂಥವು. ತಮ್ಮ ಮೇಲೆ ಒಂದು ಮೊಳೆಯನ್ನೂ ಊರುವುದಿಲ್ಲ. ಆಚೆ ಬದಿಯ ಮಕ್ಕಳು ಆಚೆಯೇ ಕೆಲಸ ಮಾಡುತ್ತಾರೆ. ಕೆಲಸ ನಡೆಯುವ ಜಾಗವೇ ಶಾಲೆ, ಅಲ್ಲಿ ನಿಂತವರು ಹಾಜರು. ಆ ಬದಿಯ ಹಾಜರಿ ಕರೆಯುವವಳು ಕಿಡಿ. ಅವಳ ತಾಯಿ ಒಪ್ಪಿದ್ದಾರೆ. “ಊಟಕ್ಕೆ ಮನೆಗೆ ಬರಬೇಕು” ಎಂಬುದೊಂದೇ ಷರತ್ತು.

ಇತಿ, ಸದ್ಯಕ್ಕೆ ಒಂದೇ ಬದಿಯಿಂದ,
ತಮ್ಮ ವಿಶ್ವಾಸಿ,
ವೆಲ್ಡಿಂಗ್ ಶಾಲೆಯ ಮೇಷ್ಟ್ರು

ವಿ.ಸೂ.: ಎರಡು ಗೋಪುರಗಳನ್ನು ಸೇತುವೆಯಾಗಿಸುವ ನಡುವಿನ ಹಲಗೆಯನ್ನು ಜೋಡಿಸುವ ಗೌರವವನ್ನು ಇಲಾಖೆಗೇ ಮೀಸಲಿಟ್ಟಿದ್ದೇವೆ. ಅದು ಬರುವವರೆಗೆ ಎರಡು ಮೆಟ್ಟಿಲುಗಳು ಆಕಾಶಕ್ಕೆ ಹತ್ತಿ ಅಲ್ಲೇ ಏಕೆ ನಿಂತಿವೆ ಎಂಬುದನ್ನು ಹಾದುಹೋಗುವ ಪ್ರತಿ ವಾಹನಕ್ಕೂ ತಾವೇ ವಿವರಿಸಬೇಕಾದೀತು. ಎಣಿಸುವ ಹುಡುಗರನ್ನು ಮತ್ತೆ ಕಳಿಸುವುದಾದರೆ ತುದಿಯ ಮೆಟ್ಟಿಲಿನ ಮೇಲೆ ಕೂರಿಸಿ, ಅಲ್ಲಿ ಗಾಳಿ ಚೆನ್ನಾಗಿರುತ್ತದೆ. ಮಕ್ಕಳೇ, ಪತ್ರ ಮುಗಿಯಿತು. ಆಚೆಯವರೂ ಈಚೆಯವರೂ ಕನ್ನಡಕ ಹಾಕಿಕೊಳ್ಳಿ. ಕಿಡಿ, ಮೊದಲ ಬೆಸುಗೆ ನಿನ್ನದು. ನಿನ್ನ ಬದಿಯಲ್ಲಿ ಬೆಳಕು ಕಂಡೊಡನೆ ನಾವೂ ಶುರು ಮಾಡುತ್ತೇವೆ.