ಕರೆಂಟ್ ಸಾಹೇಬರ ವಾಕಿಂಗು

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದೆ. ಅಂಗಳ ಗುಡಿಸಿ ನೀರು ಹಾಕಿದೆ. ಮೊಸರು ಕಡೆದು ಬೆಣ್ಣೆ ತೆಗೆದೆ. ಹದಿನಾಲ್ಕು ರೊಟ್ಟಿ ಬಡಿದೆ. ವಾರದಿಂದ ಮೂಲೆಯಲ್ಲಿ ಬಿದ್ದಿದ್ದ ಕೌದಿಯನ್ನು ಸೋಪಿನ ನೀರಿನಲ್ಲಿ ನೆನೆಹಾಕಿದೆ. ಆಮೇಲೆ ಮೈದುನನನ್ನು ತೂಕ ಮಾಡಿದೆ.

ಗಾಬರಿಯಾಗಬೇಡಿ! ಮೂರು ತಿಂಗಳಿಂದ ಇದೂ ನಮ್ಮ ಮನೆಯ ದಿನದ ಕೆಲಸಗಳಲ್ಲಿ ಒಂದು. ನನ್ನ ಗಂಡನ ತಮ್ಮನಾದ ಈ ಮಹಾಶಯ ಆರೋಗ್ಯ ಸುಧಾರಿಸಿಕೊಳ್ಳಲು ಪಟ್ಟಷ್ಟು ಪಾಡನ್ನು ಬೇರೆ ಯಾರಾದರೂ ಪಟ್ಟಿದ್ದರೆ ಇಷ್ಟೊತ್ತಿಗೆ ಹಾಸಿಗೆ ಹಿಡಿದಿರುತ್ತಿದ್ದರು.

ನಾವಿರುವುದು ಗುಡಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ. ಅವನು ನಮ್ಮ ಭಾಗದ ಕರೆಂಟ್ ಆಫೀಸಿನ ಸಾಹೇಬ. ಒಂಬತ್ತು ಹಳ್ಳಿಗಳಲ್ಲಿ ದೀಪ ಆರಿದರೂ, ಪಂಪು ನಿಂತರೂ, ಹಿಟ್ಟಿನ ಗಿರಣಿಯ ಪಟ್ಟಿ ಹರಿದರೂ ಫೋನು ಬರುವುದು ಅವನಿಗೇ. ಗಿರಣಿಯ ಪಟ್ಟಿಗೂ ಕರೆಂಟಿಗೂ ಏನು ಸಂಬಂಧ ಎಂದು ಕೇಳಬೇಡಿ. ಅವನೂ ಕೇಳುವುದನ್ನು ಬಿಟ್ಟಿದ್ದಾನೆ. ಅವನ ಹೆಂಡತಿ ದುಮ್ಮವಾಡದ ಶಾಲೆಯಲ್ಲಿ ಟೀಚರು, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುವಾಕೆ. ಹೀಗಾಗಿ ವಾರದಲ್ಲಿ ಐದು ದಿನ ಅವನ ಆರೋಗ್ಯ ನನ್ನ ಪಾಲು.

ಮೂರು ತಿಂಗಳ ಹಿಂದೆ ಕುಂದಗೋಳದ ಡಾಕ್ಟರು ಅವನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ನೂರಾ ಅರವತ್ತೆಂಟು ಎಂದು ಓದಿ ಕನ್ನಡಕ ತೆಗೆದಿಟ್ಟರು.

“ಸಾಹೇಬ್ರ, ಇವತ್ತಿಂದನ ಗುಳಿಗಿ ಚಾಲೂ ಮಾಡೂಣು.”

“ಗುಳಿಗಿ ಬ್ಯಾಡ್ರಿ. ಮೂರು ತಿಂಗಳ ಕೊಡ್ರಿ, ವ್ಯಾಯಾಮದಾಗ ಇಳಸ್ತೀನಿ.”

“ಇಳೀಲಿಲ್ಲಂದ್ರ ಈ ಹಳ್ಳಿ ತಿರಗೂ ಕೆಲಸ ಬಿಟ್ಟು ಧಾರವಾಡದಾಗ ಕುರ್ಚಿ ಮ್ಯಾಲ ಕುಂದ್ರೂ ಕೆಲಸ ಹಿಡೀಬೇಕಾಕ್ಕೈತಿ, ನೋಡ್ರಿ. ನಾನ ಕಾಗದ ಬರದು ಕೊಡ್ತೀನಿ.”

ಗುಳಿಗೆ ಎಂದರೆ ಅವನಿಗೆ ಕಹಿಯ ಭಯವಲ್ಲ. ಒಮ್ಮೆ ನುಂಗಿದರೆ ರೋಗಿಯೆಂದು ಲೆಕ್ಕಕ್ಕೆ ಬಂದು, ಆಫೀಸಿನವರು ತನ್ನನ್ನು ಲೈನಿನ ಕೆಲಸದಿಂದ ತೆಗೆದುಬಿಡುತ್ತಾರೆ ಎಂಬ ಭಯ. ನಾನು ಮಾತ್ರ ಬಾಯಿಬಿಟ್ಟೇ ಧಾರವಾಡದ ಕುರ್ಚಿಗೆ ಓಟು ಹಾಕಿದ್ದೆ. ನಮ್ಮ ಮಾವನವರು ಇದೇ ಬಿ.ಪಿ.ಯಿಂದ ಐವತ್ತೆರಡಕ್ಕೆ ಹೋದವರು. ಇವನಿಗೀಗ ಐವತ್ತೊಂದು.

ಸರಿ, ಮರುದಿನದಿಂದ ಶುರುವಾಯಿತು ಸಾಧನೆ! ಮೊದಲನೆಯದು ತೂಕ. ನನ್ನ ಯಜಮಾನರು ಕಾಳಿನ ವ್ಯಾಪಾರ ಮಾಡುವವರು. ಹೆಸರುಕಾಳಿನ ಚೀಲ ತೂಗುವ ಕಾಟಾ ಪಡಸಾಲೆಯಲ್ಲೇ ಇದೆ. ಅದರ ಮೇಲೆ ಇವನು ದಿನಾ ಮುಂಜಾನೆ ಕೈ ಮುಗಿದು ನಿಲ್ಲುವುದು, ನಾನು ಓದಿ ಕ್ಯಾಲೆಂಡರಿನಲ್ಲಿ ಬರೆಯುವುದು. ಮೊದಲ ದಿನ ಎಂಬತ್ತಾರು ಕಿಲೋ. ಯಜಮಾನರು ಹಲ್ಲುಜ್ಜುತ್ತಲೇ ಕೂಗಿದರು: “ಬಾರದಾನ ಕಳದೀಯೇನು?” ಖಾಲಿ ಚೀಲದ ತೂಕವನ್ನು ಕಳೆಯುವುದು ಅವರ ಧಂದೆಯ ಪದ್ಧತಿ. ತಮ್ಮ ಅಷ್ಟೇ ಗಂಭೀರವಾಗಿ ಅಂಗಿ, ಬನಿಯನ್ನು ಕಳಚಿದ. ಪಂಚೆಗೆ ಕೈ ಹಾಕುವಷ್ಟರಲ್ಲಿ ನಾನು ಅಡುಗೆಮನೆಗೆ ಓಡಿದೆ!

ಎರಡನೆಯದು ವಾಕಿಂಗು. ನಮ್ಮ ಕಡೆ ಕೆಲಸವಿಲ್ಲದೆ ಯಾರು ನಡೆಯುತ್ತಾರೆ, ನೀವೇ ಹೇಳಿ. ಮೊದಲ ದಿನ ಗುಡಗೇರಿ ರಸ್ತೆಗೆ ಇಳಿದು ನೂರು ಹೆಜ್ಜೆ ಹಾಕುವುದರೊಳಗೆ ಒಂದು ಬೈಕು ಬದಿಗೆ ಬಂದು ನಿಂತಿತಂತೆ.

“ಯಾಕ್ರಿ ಸಾಹೇಬ್ರ, ಗಾಡಿ ಕೆಟ್ಟೈತೇನ್ರಿ? ಹತ್ರಿ!”

“ಇಲ್ಲೋ ಮಾರಾಯಾ, ವಾಕಿಂಗ್ ಹೊಂಟೀನಿ.”

“ಎಲ್ಲೀತನಕ್ರಿ?”

“ಎಲ್ಲಿಗೂ ಇಲ್ಲ.”

“ಮತ್ತ ಹತ್ರಿ, ಅಲ್ಲಿಗೇ ಬಿಡ್ತೀನಿ!”

ಹತ್ತಲಿಲ್ಲ. ಇನ್ನೊಂದು ಬೈಕು, ಒಂದು ಟ್ರ್ಯಾಕ್ಟರು, ಒಂದು ಹಾಲಿನ ಗಾಡಿ, ಯಾವುದನ್ನೂ ಹತ್ತಲಿಲ್ಲ. ಅಷ್ಟೇ ಸಾಕಾಯಿತು. ಸಾಹೇಬರು ಯಾಕೋ ಸಿಟ್ಟಿನಲ್ಲಿದ್ದಾರೆ, ಇನ್ನು ಮೋಟಾರಿಗೆ ಕರೆಂಟು ಸಿಗಲಿಕ್ಕಿಲ್ಲ ಎಂದು ಊರಿಡೀ ಸುದ್ದಿ! ಮರುದಿನದಿಂದ ಅವನ ಸಿಟ್ಟು ಇಳಿಸಲು ರಸ್ತೆಯ ಎರಡೂ ಬದಿಯ ಮನೆಗಳವರು ಟೊಂಕ ಕಟ್ಟಿ ನಿಂತರು. “ಬರ್ರಿ, ಅರ್ಧ ಕಪ್ ಚಹಾ ಕುಡದ ಹೋಗ್ರಿ.” ನಮ್ಮಲ್ಲಿ ಚಹಾ ಬೇಡವೆಂದರೆ ಮನೆಯೇ ಬೇಡವೆಂದ ಹಾಗೆ. ಸಕ್ಕರೆ ಕಡಿಮೆ ಹಾಕಿ ಕೊಟ್ಟರೆ ಸಾಹೇಬರಿಗೆ ಅವಮಾನ. ಹೀಗೆ ಹೋಗುವಾಗ ಆರು ಮನೆ, ಬರುವಾಗ ಐದು ಮನೆ. ಒಂದು ವಾರ ಬೆವರು ಸುರಿಸಿ ನಡೆದ ಮೇಲೆ ಕಾಟಾದ ಮೇಲೆ ನಿಂತ: ಎಂಬತ್ತೇಳೂವರೆ!

“ಕಾಟಾ ಕೆಟ್ಟೈತಿ,” ಎಂದ.

“ನನ್ನ ಕಾಟಾಕ್ಕ ಹೆಸರಿಡಬ್ಯಾಡ,” ಎಂದು ಯಜಮಾನರು ಒಳಗಿನಿಂದಲೇ ಗುಡುಗಿದರು. “ಅದು ಕಾಳಿಗೂ ಸುಳ್ಳ ಹೇಳಿಲ್ಲ, ನಿನಗೂ ಹೇಳೂದಿಲ್ಲ.”

ಚಹಾದ ಕಾಟ ತಪ್ಪಿಸಲು ರಸ್ತೆ ಬಿಟ್ಟು ಹೊಲದ ದಾರಿ ಹಿಡಿದ. ಅಲ್ಲಿ ಮನೆಗಳಿಲ್ಲ, ಚಹಾ ಇಲ್ಲ. ಆದರೆ ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಎರೆ ಭೂಮಿಯ ಮಣ್ಣು ಗೊತ್ತಲ್ಲ, ಒದ್ದೆಯಾದರೆ ಒಂದೊಂದು ಹೆಜ್ಜೆಗೂ ಒಂದೊಂದು ಪದರ ಕಾಲಿಗೆ ಅಂಟುತ್ತ ಹೋಗುತ್ತದೆ. ಅರ್ಧ ತಾಸಿನ ನಂತರ ಅವನು ಎರಡು ಕಾಲಿಗೂ ಒಂದೊಂದು ಕೊಳಗ ಕಟ್ಟಿಕೊಂಡವನಂತೆ ಓಲಾಡುತ್ತ ಬಂದ. ಮುಖದಲ್ಲಿ ಮಾತ್ರ ಗೆದ್ದ ಕಳೆ!

“ವೈನಿ, ಶಹರದ ಮಂದಿ ಕಾಲಿಗೆ ತೂಕ ಕಟ್ಟಿಕೊಂಡು ನಡೀಲಿಕ್ಕೆ ಜಿಮ್ಮಿಗೆ ರೊಕ್ಕಾ ಕೊಡ್ತಾರ. ನಮಗ ನೋಡ್ರಿ, ಪುಕ್ಕಟ!”

ಪುಕ್ಕಟವೇನೋ ಹೌದು. ಪಡಸಾಲೆಯನ್ನು ಮೂರು ಸಲ ಒರೆಸಿದ್ದು ನಾನು. ನನ್ನ ತೂಕ ಯಾರೂ ನೋಡಲಿಲ್ಲ.

ಆಮೇಲೆ ಪ್ರಾಣಾಯಾಮದ ಕಾಲ ಬಂತು. ಉಸಿರು ಎಳೆದು ಇಪ್ಪತ್ತು ಎಣಿಸುವ ತನಕ ಹಿಡಿಯಬೇಕು. ಎಣಿಕೆ ಹನ್ನೆರಡಕ್ಕೆ ಬರುವಷ್ಟರಲ್ಲಿ ಫೋನು. ಎತ್ತದಿರುವ ಜಾಯಮಾನ ಅವನದಲ್ಲ. ಉಸಿರು ಬಿಟ್ಟರೆ ಸಾಧನೆ ಕೆಡುತ್ತದೆ. ಏನು ಮಾಡಿದ ಗೊತ್ತೇ? ಫೋನು ಎತ್ತಿ, ಉಸಿರು ಬಿಗಿಹಿಡಿದೇ ಮಾತಾಡಿದ. ಫೋನು ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ.

“ಸಾಹೇಬ್ರ, ಇವತ್ತ ಮೋಟರ್ ಕರೆಂಟ್ ಬಿಡ್ತೀರೇನ್ರಿ?”

“ಹ್ಞೂಂ.”

“ಏಳಕ್ಕೇನ್ರಿ?”

“ಹ್ಞೂಂ.”

“ಸಂಜೀತನಕ ಇರತೈತೇನ್ರಿ?”

“ಹ್ಞೂಂಂಂ!”

ಕೊನೆಯದು ಉಸಿರು ಕಟ್ಟಿದ್ದರಿಂದ ಬಂದ ದೀರ್ಘ. ರೈತರು ಅದನ್ನು ಸಾಹೇಬರ ಖುಷಿಯೆಂದು ತಿಳಿದರು. ಏಳಕ್ಕೆ ಊರಿಗೆ ಊರೇ ಹೊಲದಲ್ಲಿ. ಕರೆಂಟು ಬರಬೇಕಾದದ್ದು ಹನ್ನೊಂದಕ್ಕೆ. ಏಳೂವರೆಗೆ ಇಪ್ಪತ್ತು ಜನ ನಮ್ಮ ಕಟ್ಟೆಯ ಮೇಲೆ. “ಮೂರ ಸಲ ಹ್ಞೂಂ ಅಂದಾರ್ರಿ, ನಾ ಖುದ್ದ ಕೇಳೀನಿ!” ಆವತ್ತು ಎಣಿಸುವ ಗೋಜಿಲ್ಲದೆಯೇ ಅವನ ಉಸಿರು ನಿಂತಿತ್ತು.

ಆದರೂ ಬಿಡಲಿಲ್ಲ. ಚಹಾದ ಮನೆಗಳಿಗೆಲ್ಲ ಹೋಗಿ ಮಜ್ಜಿಗೆ ಕೊಡಿರೆಂದು ಕೈಮುಗಿದು ಬಂದ. ಉಪ್ಪಿನಕಾಯಿಯ ಭರಣಿಯನ್ನು ನನ್ನ ಕೈಯಿಂದಲೇ ಅಟ್ಟಕ್ಕೆ ಏರಿಸಿದ. ಇವತ್ತಿನ ತೂಕ ಎಂಬತ್ತೊಂದು. ಮೂರು ತಿಂಗಳ ಗಡುವು ಮುಗಿದದ್ದೂ ಇವತ್ತೇ. ಮಧ್ಯಾಹ್ನ ಅವನೂ ನಾನೂ ಕುಂದಗೋಳಕ್ಕೆ ಹೋದೆವು.

ಡಾಕ್ಟರು “ಫೋನ್ ಬಂದ್ ಮಾಡ್ರಿ” ಎಂದರು. ಅವನು ಬಂದ್ ಮಾಡದೆ ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟ. ಪಟ್ಟಿ ಕಟ್ಟಿದರು. ನೂರಾ ಅರವತ್ತೆರಡು. ಡಾಕ್ಟರು ಕಾಗದ ಎಳೆದುಕೊಂಡರು. ಧಾರವಾಡದ ಕುರ್ಚಿ ನನಗೆ ಕಣ್ಣೆದುರು ಕಂಡಿತು. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಪಾಪ, ಅವನು ಏನಾದರೂ ಅನ್ನುತ್ತಾನೆಂದು ನೋಡಿದೆ. ಅವನ ಕಣ್ಣು ಕಾಗದದ ಮೇಲಿರಲಿಲ್ಲ, ಫೋನಿನ ಮೇಲಿತ್ತು.

“ಯಾರ್ದು ಬರಬೇಕೋ?” ಎಂದೆ.

“ಮೌಲಾಸಾಬ್ ಕಂಬಾ ಹತ್ಯಾನ್ರಿ, ವೈನಿ.”

ಮೌಲಾಸಾಬ್ ಮೂವತ್ತು ವರ್ಷದ ಹಳೆಯ ಲೈನ್‌ಮನ್. ಲೈನು ಬಂದ್ ಮಾಡಿ ಅವನ ತಂಡ ಕಂಬದ ಕೆಲಸಕ್ಕೆ ನಿಂತ ಮೇಲೆ, ಎಲ್ಲರೂ ಇಳಿದೆವೆಂದು ಫೋನು ಬಂದ ನಂತರವೇ ಇವನು ಕರೆಂಟು ಬಿಡಲು ಹೇಳಬೇಕು. ಅಷ್ಟರಲ್ಲಿ ಬೇರೆ ಮೂರು ಫೋನು ಬಂದವು. ಮೂರನ್ನೂ ಕಟ್ ಮಾಡಿದ. ನಾಲ್ಕನೆಯದನ್ನು ಎತ್ತಿ ಸ್ಪೀಕರಿಗೆ ಹಾಕಿದ.

“ಇಳದೀವ್ರಿ ಸಾಹೇಬ್ರ.”

“ಎಷ್ಟ ಮಂದಿ?”

“ನಾಕೂ ಮಂದಿ.”

“ಹೆಸರ ಹೇಳು.”

“ದಿನಾ ಕೇಳ್ತೀರಲ್ರಿ!” ಎಂದು ಆ ಕಡೆ ನಗು. ಆದರೂ ಒಂದೊಂದಾಗಿ ನಾಲ್ಕು ಹೆಸರು ಹೇಳಿದ ಮೌಲಾಸಾಬ್, ಕೊನೆಯದು ತನ್ನದು. ಒಂದೊಂದು ಹೆಸರಿಗೂ ಇವನು ಮೇಜಿನ ಮೇಲೆ ಒಂದೊಂದು ಬೆರಳು ಮಡಚಿದ. ನಾಲ್ಕನೆಯ ಬೆರಳು ಮಡಚಿದ ಮೇಲೆ ಅವನ ಭುಜ ಕೆಳಗಿಳಿದದ್ದು ನನಗೆ ಕಾಣಿಸಿತು. ಡಾಕ್ಟರಿಗೂ ಕಾಣಿಸಿರಬೇಕು. ಇವನು ಕರೆಂಟು ಬಿಡಲು ಹೇಳಿ ಫೋನಿಟ್ಟ ಮೇಲೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪಟ್ಟಿ ಕಟ್ಟಿದರು. ನೂರಾ ನಲವತ್ತು.

“ವ್ಯಾಯಾಮ ಕೆಲಸಾ ಮಾಡೈತ್ರಿ. ಆದ್ರ ಅವ್ರು ಕಂಬಾ ಹತ್ತಿದಾಗೊಮ್ಮೆ ನಿಮ್ಮ ಬಿ.ಪಿ.ನೂ ಹತ್ತತೈತಿ. ಗುಳಿಗಿ ಬೇಕ.”

ಅವನು ತಲೆ ತಗ್ಗಿಸಿದ. ನಾನೇ ಕೇಳಿದೆ: “ಗುಳಿಗಿ ತಗೊಂಡು ಇದ ಕೆಲಸಾ ಮಾಡಬಹುದೇನ್ರಿ?”

“ದಿನಾ ತಪ್ಪದ ತಗೊಂಡು, ತಿಂಗಳಿಗೊಮ್ಮೆ ತೋರಿಸಿದ್ರ ಯಾಕ ಮಾಡಬಾರದ್ರಿ? ಗುಳಿಗಿ ನುಂಗಿದ್ರೆಂತ ಯಾರೂ ಕೆಲಸದಿಂದ ತಗಿಯೂದಿಲ್ಲ.”

“ಹಂಗಾರ ಬರೀರಿ. ನುಂಗಸೂ ಕೆಲಸಾ ನಂದು.”

ಹೊರಗೆ ಬಂದ ಮೇಲೆ ಮೆಲ್ಲಗೆ ಅಂದ: “ವೈನಿ, ನೀವ ಧಾರವಾಡ ಧಾರವಾಡ ಅಂತಿದ್ರೆಲ್ಲ?”

“ನೀ ಅಲ್ಲಿ ಹೋಗಿ ಕುಂತ್ರ, ಆ ನಾಕು ಹೆಸರು ಯಾರು ಕೇಳ್ತಾರೋ?”

ಅವನು ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟ.

ರಾತ್ರಿ ಎರಡು ರೊಟ್ಟಿ, ಉಪ್ಪು ಕಡಿಮೆ ಹಾಕಿದ ಹೆಸರುಕಾಳಿನ ಪಲ್ಯ, ಒಂದು ಹಿಡಿ ಮೆಂತ್ಯದ ಸೊಪ್ಪು, ಒಂದು ಲೋಟ ಮಜ್ಜಿಗೆ ಉಂಡ. ಎಂಟಕ್ಕೆ ಗುಳಿಗೆ ನುಂಗಿದ, ಸಣ್ಣ ಮಕ್ಕಳಂತೆ ಮುಖ ಸಿಂಡರಿಸಿ. ಫೋನು ಬಂದರೆ ಎಬ್ಬಿಸುತ್ತೇನೆಂದು ಮಾತು ಕೊಟ್ಟು ಅದನ್ನು ಅವನಿಂದ ಇಸಿದುಕೊಂಡೆ. ಎಂಟೂವರೆಗೆಲ್ಲ ಮನೆಯಲ್ಲಿ ಮೊದಲು ಮಲಗಿದವನು ಅವನೇ.