ಅತ್ತೆ ಹಾಕಿದ ಎಂಟು

ಮಾನ್ಯ ಓದುಗರೇ, "ಇದು ನಿಮ್ಮಿಂದ ಆಗುವುದಿಲ್ಲ" ಎಂಬ ಮಾತನ್ನು ನೀವು ಕೊನೆಯ ಬಾರಿ ಯಾರಿಗೆ ಹೇಳಿದಿರಿ? ನಾನಂತೂ ನನ್ನ ಸೋದರತ್ತೆಗೆ ಹೇಳಿದೆ. ಹೇಳಿ ಏನು ಪ್ರಯೋಜನ? ಆ ಒಂದು ಮಾತು ಅವರಿಗೆ ಕೇಳಿಸುವುದೇ ಇಲ್ಲ! ಕಿವಿಯಲ್ಲಿ ದೋಷವಿದೆಯೆಂದು ಭಾವಿಸಬೇಡಿ. ಸೊಪ್ಪು ಬಿಡಿಸುತ್ತಲೇ ಮೂರನೆಯ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂದು ಲೆಕ್ಕವಿಡಬಲ್ಲ ಕಿವಿಗಳವು. "ಆಗುವುದಿಲ್ಲ" ಎಂಬುದಕ್ಕೆ ಮಾತ್ರ ಅಲ್ಲಿ ಪ್ರವೇಶವಿಲ್ಲ.

ಆದರೆ ಅಪರಾಧದ ಮೂಲ ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಅದರೊಂದಿಗೆ ಸಮಾಜವನ್ನು ತಿದ್ದುವ ಉತ್ಸಾಹವೂ ಸೇರಿಕೊಂಡದ್ದರಿಂದ, ಕೋಲಾರದ ಸುತ್ತಮುತ್ತ ಕರೆದಲ್ಲೆಲ್ಲ ಹೋಗಿ ಭಾಷಣ ಮಾಡುತ್ತೇನೆ. ಅತ್ತೆಯ ಊರಾದ ಸುಗಟೂರಿನ ಮಹಿಳಾ ಸಂಘದಲ್ಲಿ ಒಮ್ಮೆ, ದೃಢಸಂಕಲ್ಪಕ್ಕೆ ವಯಸ್ಸಿನ ಹಂಗಿಲ್ಲವೆಂದು ಮುಕ್ಕಾಲು ಗಂಟೆ ಪ್ರತಿಪಾದಿಸಿದೆ. ಸಭ್ಯ ಶ್ರೋತೃಗಳು ಚಪ್ಪಾಳೆ ತಟ್ಟಿ ಮರೆತರು. ಮುಂದಿನ ಸಾಲಿನಲ್ಲಿದ್ದ ಅರವತ್ತೊಂದು ವರ್ಷದ ಅತ್ತೆ ಅದನ್ನು ನಂಬಿಬಿಟ್ಟರು!

"ನಿಮ್ಮ ಮಾವನ ಮೊಪೆಡ್ ನಾನು ಓಡಿಸ್ತೀನಿ ಕಣೋ," ಎಂದರು ಮನೆಗೆ ಬಂದವರೇ.

ಆ ಮೊಪೆಡ್ಡಿಗೊಂದು ಚರಿತ್ರೆಯಿದೆ. ಮಾವ ಮೂವತ್ತು ವರ್ಷಗಳ ಕಾಲ ಪ್ರತಿ ಸಂಜೆ ತಪ್ಪದೆ ಕೋಲಾರಕ್ಕೆ ಹೋಗಿ, ಗೆಳೆಯರಾದ ದರ್ಜಿ ಸಾಬರ ಅಂಗಡಿಯಲ್ಲಿ ಕುಳಿತು ಜಗತ್ತಿನ ಸಕಲ ಸಮಸ್ಯೆಗಳನ್ನೂ ಬಗೆಹರಿಸಿ ಬರುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ನೋಟ ಮಸುಕಾದ ಮೇಲೆ ಗಾಡಿ ರೇಷ್ಮೆಹುಳುವಿನ ಮನೆಯ ಮೂಲೆ ಸೇರಿತು. ಬಸ್ಸಿಲ್ಲವೇ ಎನ್ನುವಿರಾ? ಒಮ್ಮೆ ಬಸ್ಸಿನ ಕಂಡಕ್ಟರು ಕೈಹಿಡಿದು ಇಳಿಸಿದನಂತೆ. ಆ ಮರ್ಯಾದೆಯನ್ನು ತಾಳಲಾರದೆ ಮಾವ ಅಂದಿನಿಂದ ಜಗಲಿ ಬಿಟ್ಟು ಇಳಿದಿರಲಿಲ್ಲ. ಅವರನ್ನು ಮರಳಿ ಸಾಬರ ಅಂಗಡಿಗೆ ಮುಟ್ಟಿಸುವುದೇ ಅತ್ತೆಯ ಸಂಕಲ್ಪ.

ಜಗಲಿಯಿಂದ ತೀರ್ಪು ಬಂತು: "ನಿನ್ನ ಹಿಂದೆ ನಾನಾ? ಲೈಸೆನ್ಸ್ ಇಲ್ಲದೋರ ಹಿಂದೆ ನಾನು ಯಾವತ್ತೂ ಕೂತೋನಲ್ಲ, ಹೋಗೇ!"

ಇದು ಸ್ಪಷ್ಟ ನಿರಾಕರಣೆ ಎಂದು ನಾನು ನಿರ್ಣಯಿಸಿದೆ. ಅತ್ತೆಯೋ, ಗಾಡಿಯ ಧೂಳು ಒರೆಸತೊಡಗಿದರು.

ಮೊದಲ ದಿನದ ಸವಾರಿಯನ್ನು ಹೇಗೆ ವರ್ಣಿಸಲಿ! ಅತ್ತೆ ಬ್ರೇಕು ಹಿಡಿಯುವ ಬದಲು, ತವರಾದ ರಾಯಲ್ಪಾಡಿನ ತೆಲುಗಿನಲ್ಲಿ "ಆಗು ತಲ್ಲೀ, ಆಗು!" ಎಂದು ನಿಲ್ಲುವಂತೆ ಗಾಡಿಯನ್ನೇ ಬೇಡಿಕೊಂಡರು. ಅದಕ್ಕೆ ತೆಲುಗು ಬಾರದು. ಹಿಪ್ಪುನೇರಳೆ ತೋಟದ ನಾಲ್ಕು ಸಾಲುಗಳನ್ನು ಸೀಳಿಕೊಂಡು ಹೋಗಿ ತಾನಾಗಿಯೇ ನಿಂತಿತು.

"ಸೊಪ್ಪು ಕೊಯ್ಯೋಕೆ ಹೋದ್ಯೇನೇ?" ಮಾವ ಕೂಗಿದರು. "ಕುಡುಗೋಲು ಇಲ್ಲೇ ಬಿಟ್ಟು ಹೋಗಿದೀಯಲ್ಲ!"

ಕಲಿಕಾ ಲೈಸೆನ್ಸಿನ ಎಲ್‌ಎಲ್‌ಆರ್ ಪರೀಕ್ಷೆಗೆ ಆರ್‌ಟಿಒ ಕಚೇರಿಯಲ್ಲಿ ಅತ್ತೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಕಿರಿದಾದ ಸೇತುವೆಯಲ್ಲಿ ಎದುರಿನಿಂದ ವಾಹನ ಬಂದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಕೊಟ್ಟಿದ್ದ ಯಾವ ಉತ್ತರವೂ ಅತ್ತೆಗೆ ಒಪ್ಪಿಗೆಯಾಗಲಿಲ್ಲ. "ಎದುರಿಗೆ ಬರ್ತಿರೋದು ಯಾರು ಅಂತ ಹಾಕಿಲ್ಲವಲ್ಲ ಸಾರ್? ಬೀಗರು ಬಂದ್ರೆ ಇಳಿದು ಮಾತಾಡಿಸಬೇಡ್ವಾ?" ಎಂದು ಸಿಬ್ಬಂದಿಯನ್ನೇ ಕೇಳಿದರು. ಎರಡನೆಯ ಪ್ರಯತ್ನದಲ್ಲಿ, ಬೀಗರ ವಿಚಾರವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಉತ್ತೀರ್ಣರಾದರು.

ಉಳಿದದ್ದು ಎಂಟು. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಬರೆದ ದೊಡ್ಡ ಎಂಟರ ಜಾಡಿನಲ್ಲಿ, ಕಾಲು ನೆಲಕ್ಕೆ ತಾಗಿಸದೆ ಗಾಡಿ ತಿರುಗಿಸಬೇಕು. ನನಗೂ ಲೈಸೆನ್ಸ್ ಇರಲಿಲ್ಲವಾಗಿ ಅತ್ತೆಯ ಜೊತೆಗೇ ಅರ್ಜಿ ಹಾಕಿದ್ದೆ. ಮಾರ್ಗದರ್ಶಕನ ಗಾಂಭೀರ್ಯದಿಂದ ಮೊದಲು ನಾನೇ ಹೊರಟೆ. ಮೊದಲ ತಿರುವಿನಲ್ಲೇ ಕಾಲೂರಿದೆ. ಅತ್ತೆಯ ಸರದಿ ಬಂದಾಗ, ಮುಡಿದ ಮಲ್ಲಿಗೆಯ ಮೇಲೆಯೇ ಹೆಲ್ಮೆಟ್ ಏರಿಸಿ ಹೊರಟವರು ಗೆರೆ ಹತ್ತಿರ ಬಂದೊಡನೆ ಬೆಚ್ಚಿ ಮಾರು ದೂರ ಸರಿದರು.

"ಗೆರೆ ಮೇಲೆ ಹೋಗಮ್ಮಾ!" ಎಂದರು ಇನ್‌ಸ್ಪೆಕ್ಟರು.

"ರಂಗೋಲಿ ತುಳಿಯೋಕಾಗುತ್ತಾ ಸಾರ್?"

"ಅಮ್ಮಾ, ಅದು ಸುಣ್ಣ!"

"ಸುಣ್ಣದಲ್ಲಿ ಬಿಟ್ರೂ ರಂಗೋಲಿ ರಂಗೋಲೀನೇ ಅಲ್ವಾ?"

ಇಬ್ಬರೂ ಅನುತ್ತೀರ್ಣರಾದೆವು. ಹಿಂದಿರುಗುವಾಗ, "ಇದು ನಿಮ್ಮಿಂದ ಆಗುವುದಿಲ್ಲ ಅತ್ತೆ," ಎಂದೆ. ಅವರಿಗೆ ಕೇಳಿಸಲಿಲ್ಲ. ನಾನು ಮತ್ತೆ ಆ ಮೈದಾನಕ್ಕೆ ಅರ್ಜಿ ಹಾಕಲಿಲ್ಲ. ಸಂಕಲ್ಪಶಕ್ತಿಯ ಕುರಿತು ಉಪನ್ಯಾಸ ಕೊಡಲು ಇಂದಿಗೂ ಬಸ್ಸಿನಲ್ಲಿಯೇ ಹೋಗುತ್ತೇನೆ.

ಅತ್ತೆ ಮಾಡಿದ್ದೇ ಬೇರೆ. ಮರುದಿನದಿಂದ ಅಂಗಳದ ತುಂಬ ದೊಡ್ಡದೊಂದು ಎಂಟನ್ನು ರಂಗೋಲಿಯಲ್ಲಿ ಬಿಟ್ಟು, ಗೆರೆಗೆ ನಾಲ್ಕು ಬೆರಳು ಪಕ್ಕದಲ್ಲಿ ಗಾಡಿ ತಿರುಗಿಸತೊಡಗಿದರು. ಮೊದಲ ವಾರ ರಂಗೋಲಿ ಅಂಗಳದಲ್ಲಿರುವುದಕ್ಕಿಂತ ಚಕ್ರದಲ್ಲಿಯೇ ಹೆಚ್ಚಿರುತ್ತಿತ್ತು. ಪ್ರತಿದಿನ ಒರೆಸಿ, ಪ್ರತಿದಿನ ಬಿಟ್ಟರು. ಜಗಲಿಯ ಕುಹಕವೂ ಪ್ರತಿದಿನ ನಡೆಯಿತು.

"ಎಡಕ್ಕೆ ತಿರುಗಿದಾಗ ಸೌಂಡು ಸಣ್ಣ ಆಗ್ತಿದೆ, ಹೆದರ್ಕೊಂಡ್ಯಾ? ಆಕ್ಸಿಲರೇಟರ್ ಬಿಡಬೇಡ ಕಣೇ ದಡ್ಡಿ!"

"ನೀವು ಸುಮ್ನಿರ್ರೀ!"

"ಸುಮ್ನಿದ್ರೆ ಬೀಳ್ತೀಯ. ಚಕ್ರ ನೋಡಬೇಡ, ಮುಂದಕ್ಕೆ ನೋಡು."

ಎಂಥ ನಿರ್ದಯ ಮನುಷ್ಯ ಎಂದು ನಾನು ಮನದಲ್ಲೇ ಖಂಡಿಸಿದೆ. ಎರಡು ತಿಂಗಳಾಗುವಷ್ಟರಲ್ಲಿ ರಂಗೋಲಿಯ ಒಂದು ಎಳೆಯೂ ಕದಲದಾಯಿತು.

ಮರುಪರೀಕ್ಷೆಯಲ್ಲಿ ಅತ್ತೆ ಎಂಟನ್ನು ಪೂರೈಸಿ ನಿಂತಾಗ ಇನ್‌ಸ್ಪೆಕ್ಟರು ಹುಬ್ಬೇರಿಸಿದರು. "ಗೆರೆ ಮೇಲೆ ಬರಲಿಲ್ಲ, ಪಕ್ಕದಲ್ಲೇ ಬಂದ್ರಲ್ಲಮ್ಮ?"

"ಕಾಲು ಇಟ್ನಾ ಸಾರ್?"

"ಇಲ್ಲ."

"ದಾರಿ ತಪ್ಪಿದ್ನಾ?"

"ಇಲ್ಲ."

"ಮತ್ತೆ?"

ಹತ್ತು ವರ್ಷಗಳ ಚರ್ಚಾನುಭವದಲ್ಲಿ ಇಷ್ಟು ಸಂಕ್ಷಿಪ್ತ ವಾದಸರಣಿಯನ್ನು ನಾನು ಕೇಳಿರಲಿಲ್ಲ. ಇನ್‌ಸ್ಪೆಕ್ಟರು ನಕ್ಕು ಸಹಿ ಹಾಕಿದರು.

ಅಂಚೆಯಲ್ಲಿ ಲೈಸೆನ್ಸ್ ಬಂದ ದಿನ ನಾನು ಸುಗಟೂರಿನಲ್ಲಿದ್ದೆ. "ಮಾವ ಆಗಲೇ ಒಲ್ಲೆ ಎಂದಿದ್ದಾರಲ್ಲ ಅತ್ತೆ, ಈಗ ಇದನ್ನು ತೋರಿಸಿ ಏನು ಮಾಡುತ್ತೀರಿ?" ಎಂದು ಕೇಳಿದೆ.

"ಅವರು ಕೂರಲ್ಲ ಅಂದಿಲ್ಲ ಕಣೋ. ಲೈಸೆನ್ಸ್ ಇಲ್ಲದೋರ ಹಿಂದೆ ಕೂರಲ್ಲ ಅಂದ್ರು. ನೀನು ಓದಿದೋನು, ಅಷ್ಟೂ ಗೊತ್ತಾಗಲಿಲ್ವಾ?"

ಗೊತ್ತಾಗಿರಲಿಲ್ಲ. ಜಗಲಿಯ ಕುಹಕವೆಲ್ಲ ಪಾಠವಾಗಿತ್ತೆಂಬುದೂ ಆಗಲೇ ಹೊಳೆದದ್ದು.

ಮಾವ ಆ ಕಾರ್ಡನ್ನು ಕಣ್ಣಿನ ತೀರ ಹತ್ತಿರ ಹಿಡಿದರು. ಕಾಣದಾಗ ಹೆಬ್ಬೆರಳಿನಿಂದ ಸವರಿದರು.

"ಫೋಟೋದಲ್ಲಿ ನಕ್ಕಿದೀಯೇನೇ?"

"ಇಲ್ಲ ರೀ. ನಗಬೇಡಿ ಅಂದ್ರು."

ಕಾರ್ಡನ್ನು ಅತ್ತೆಯ ಕೈಗೆ ಮರಳಿಸಿದರು. ಆಮೇಲೆ ಮಾವ ಜಗಲಿಯ ಕಂಬ ಹಿಡಿದು ಎದ್ದುನಿಂತರು. "ನನ್ನ ಇಸ್ತ್ರಿ ಅಂಗಿ ಎಲ್ಲಿಟ್ಟಿದೀಯ?"

ನಾನು ಬಸ್ಸಿನಲ್ಲಿ ಮುಂಚೆಯೇ ಹೋಗಿ ಸಾಬರ ಅಂಗಡಿಯ ಮುಂದೆ ಕಾದು ನಿಂತೆ. ಮೊಪೆಡ್ ಮೆಲ್ಲಗೆ ಬಂದಿತು. ನಾಲ್ಕು ಜನರೆದುರು ಹೆಂಡತಿಯ ಪಕ್ಕ ನಿಲ್ಲಲೂ ನಾಚುತ್ತಿದ್ದ ಮಾವ, ಎರಡೂ ಕೈಗಳಿಂದ ಅತ್ತೆಯ ಹೆಗಲನ್ನು ಹಿಡಿದು ಕುಳಿತಿದ್ದರು. ಸಾಬರು ಹೊಲಿಗೆ ಯಂತ್ರ ಬಿಟ್ಟು ಓಡಿಬಂದರು.

"ಅರೆ ಗೌಡ್ರೇ! ಡ್ರೈವರ್ ಇಟ್ಕೊಂಡ್ಬಿಟ್ರಾ?"

"ಹ್ಞೂಂ ಸಾಬ್ರೇ," ಎಂದರು ಮಾವ, ಹೆಗಲ ಮೇಲಿನ ಕೈ ತೆಗೆಯದೆ. "ಲೈಸೆನ್ಸ್ ಇರೋರು."

ಮಾನ್ಯ ಓದುಗರೇ, ಭಾಷಣ ಮಾಡುವ ಧೈರ್ಯ ನನಗೀಗ ಉಳಿದಿಲ್ಲ. ಒಂದೇ ವಿನಂತಿ. ನಿಮ್ಮ ಮನೆಯ ಹಿರಿಯ ಹೆಂಗಸೊಬ್ಬರು ಗಾಡಿಯ ಕೀಲಿ ಕೇಳಿದರೆ, ಯಾಕೆಂದು ಕೇಳದೆ ಅವರ ಕೈಗೆ ಕೊಡಿ. ಕೊಟ್ಟು, ಅಂಗಳವನ್ನು ಗುಡಿಸಿಕೊಡಿ.