ಡುವೇನ್ ಎಲೆಕೋಸಿನ ನೀರಿಳಿಸಿದ್ದು

ತಾನು ಕೈ ಹಾಕಿದರೆ ಈ ಊರಿನ ಎಲೆಕೋಸು ಉದ್ಧಾರವಾಗಿಬಿಡುತ್ತದೆ ಎಂದು ಡುವೇನ್ ಪಿಲಾರ್ಸ್ಕಿ ಘೋಷಿಸಿದ್ದು ಒಂದು ಗುರುವಾರ ಸಂಜೆ, ಊಟದ ಮೇಜಿನಲ್ಲಿ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು.

ಗುರುವಾರವೆಂದರೆ ಅವನಿಗೆ ಹಬ್ಬ. ಅಂದು ಮಗಳು ಬ್ರಿಜಿಟ್‌ಳ ಚೀಲದಲ್ಲಿ ಕ್ಯಾಥೊಲಿಕ್ ಶಾಲೆಯ ಸುದ್ದಿಹಾಳೆ ಬರುತ್ತಿತ್ತು. ಮೇಲೆ 'ನಮ್ಮ ಕುಟುಂಬಗಳಿಗೆ' ಎಂಬ ತಲೆಬರಹ, ಪಕ್ಕದಲ್ಲೊಂದು ಪಾರಿವಾಳ. ಆ ಪಾರಿವಾಳ ಬಾತುಕೋಳಿಯ ಹಾಗಿದೆ ಎನ್ನುವಲ್ಲಿಂದ ಡುವೇನನ ಪಾರಾಯಣ ಶುರು. ಅವನು ಓದುವುದು, ಹೆಂಡತಿ ಲೊರೇನ್ ಕೇಳಿಯೂ ಕೇಳದ ಹಾಗೆ ಬಟಾಣಿ ಬಡಿಸುವುದು.

"ಕೇಳಿಲ್ಲಿ. 'ಕಳೆದುಹೋದ ಕೈಗವಸುಗಳ ಪೆಟ್ಟಿಗೆ ತುಂಬಿದೆ, ಪೋಷಕರು ಬಂದು ಗುರುತಿಸಬೇಕು.' ಅಲ್ಲ, ಆ ಪೆಟ್ಟಿಗೇಲಿ ಇರೋದೆಲ್ಲ ಎಡಗೈದೇ. ಬಲಗೈ ಗವಸುಗಳೆಲ್ಲ ನೇರವಾಗಿ ಸ್ವರ್ಗಕ್ಕೆ ಹೋಗ್ತಾವೋ ಏನೋ. ಇನ್ನೊಂದು ನೋಡು. 'ಎರಡನೇ ತರಗತಿ ಮಕ್ಕಳಿಗೆ ಪಾಪನಿವೇದನೆಯ ತರಬೇತಿ.' ಎರಡನೇ ಕ್ಲಾಸಿನ ಮಗು ಏನು ಪಾಪ ಮಾಡಿರತ್ತೆ?"

"ಅಪ್ಪ ಓದೋದು ಕೇಳಿ ನಕ್ಕಿರತ್ತೆ," ಎಂದಳು ಲೊರೇನ್.

ಡುವೇನನ ಕಸುಬೂ ಅವನ ನಾಲಿಗೆಗೆ ತಕ್ಕುದೇ. ವಿಮಾ ಕಂಪನಿಯೊಂದರಲ್ಲಿ ನಷ್ಟದ ತಪಾಸಣೆ ಮಾಡುವವನು. ಅಮೆರಿಕದ ಎರಿ ಸರೋವರದ ಕಡೆಯ ಆ ಊರುಗಳಲ್ಲಿ ಯಾರದಾದರೂ ನೆಲಮಾಳಿಗೆಗೆ ನೀರು ನುಗ್ಗಿದರೆ ಇವನು ಟಾರ್ಚು ಹಿಡಿದು ಹೋಗಿ, ಅಳುತ್ತಿರುವ ಯಜಮಾನನ ಎದುರು ನಿಂತು, "ಪೈಪಿಗೆ ಕಿವಿ ಕೊಟ್ಟಿದ್ರೆ ಅದು ಮೊದಲೇ ಹೇಳಿರೋದು" ಎನ್ನುತ್ತಿದ್ದ. ಬೇರೆಯವರ ದಡ್ಡತನವನ್ನು ಅಳೆದು ಸಂಬಳ ತೆಗೆದುಕೊಳ್ಳುವವನಿಗೆ ತನ್ನದನ್ನು ಅಳೆಯುವ ಪುರುಸೊತ್ತು ಸಿಗುವುದು ಕಷ್ಟ.

ಆ ಗುರುವಾರ ಹಾಳೆಯ ಕೆಳತುದಿಯಲ್ಲಿ ಒಂದು ಕೋರಿಕೆ ಇತ್ತು. ಈಸ್ಟರಿಗೆ ಮುಂಚಿನ ಸಂಯಮದ ದಿನಗಳಾದ ತಪಸ್ಸುಕಾಲ ನಡೆದಿತ್ತು, ಶುಕ್ರವಾರ ಯಾರೂ ಮಾಂಸ ಮುಟ್ಟುವಂತಿಲ್ಲ, ಮೀನಿಗೆ ಅಡ್ಡಿಯಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ಮೀನೂಟ. ಊರಿಗೆ ಊರೇ ಬಂದು ಕರಿದ ಮೀನು, ಆಲೂಗಡ್ಡೆ, ಎಲೆಕೋಸಿನ ಸಲಾಡ್ ತಿಂದು ಹೋಗುತ್ತಿತ್ತು. ಆ ಸಲಾಡನ್ನು ಡುವೇನ್ ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಮಾಡುತ್ತಿದ್ದವಳು ಹೆಡ್ವಿಗ್ ಅಜ್ಜಿ. ಈಗ ಅಜ್ಜಿಗೆ ಸೊಂಟದ ಆಪರೇಷನ್ ಆಗಿದೆ, ಬರುವ ವಾರದ ಸಲಾಡಿಗೆ ಯಾರಾದರೂ ಮುಂದೆ ಬನ್ನಿ ಎಂದು ಹಾಳೆ ಬೇಡಿಕೊಂಡಿತ್ತು.

"ಸಲಾಡಂತೆ," ಎಂದ ಡುವೇನ್. "ಅದು ಸಲಾಡಲ್ಲ, ಎಲೆಕೋಸಿನ ಜಲಸಮಾಧಿ. ತಟ್ಟೇಲಿ ಆ ನೀರು ಹರಿದು ಬಂದು ಮೀನು ಮತ್ತೆ ಈಜೋಕೆ ಶುರು ಮಾಡತ್ತೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಕೋಸಿನ ನೀರಿಳಿಸೋ ಬುದ್ಧಿ ಬರಲಿಲ್ಲ. ನಾನು ಮಾಡಿದ್ರೆ ಜನ ತಿಳ್ಕೋತಾರೆ, ಎಲೆಕೋಸು ಅಂದ್ರೆ ಏನು ಅಂತ."

"ಮಾಡು ಹಾಗಾದ್ರೆ."

"ಮಾಡ್ತೀನಿ."

"ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ಸುಟ್ಟವನು."

"ಅದು ಪಾತ್ರೆಯ ತಪ್ಪು."

ಇಷ್ಟಕ್ಕೇ ಮುಗಿದಿದ್ದರೆ ಅದು ಎಂದಿನ ಗುರುವಾರದ ಮಾತಾಗಿ ಗಾಳಿಗೆ ಹೋಗುತ್ತಿತ್ತು. ಆದರೆ ಬ್ರಿಜಿಟ್ ಕೇಳಿಸಿಕೊಂಡಿದ್ದಳು. ಅಪ್ಪ ಶಾಲೆಯ ಯಾವ ಕೆಲಸಕ್ಕೂ ಬಂದವನಲ್ಲ. ಸಂತರ ವೇಷದ ಮೆರವಣಿಗೆಯ ದಿನವೂ ಅವಳು ಒಬ್ಬಳೇ, ರಟ್ಟಿನ ಕಿರೀಟ ಇಟ್ಟುಕೊಂಡು, ಬೇರೆ ಮಕ್ಕಳ ಅಪ್ಪಂದಿರು ಫೋಟೊ ತೆಗೆಯುವುದನ್ನು ನೋಡುತ್ತ ನಡೆದಿದ್ದಳು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಅವಳು ಇಡೀ ತರಗತಿಗೆ ಸಾರಿದಳು: "ನಮ್ಮಪ್ಪ ಎಲ್ಲರಿಗೂ ಸಲಾಡ್ ಮಾಡ್ತಾರೆ." ಟೀಚರ್ ಚಪ್ಪಾಳೆ ತಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಶಾಲೆಯಿಂದ ಡುವೇನನಿಗೆ ಫೋನ್ ಬಂತು. ದೇವರು ನಿಮ್ಮನ್ನು ಆಶೀರ್ವದಿಸಲಿ, ಎಲೆಕೋಸು ಎಲ್ಲಿಗೆ ಕಳಿಸಲಿ ಎಂದು.

ಮುಂದಿನ ಶುಕ್ರವಾರ ಅವನು ರಜೆ ಹಾಕಿದ. ಲೊರೇನ್ ಹಲ್ಲಿನ ಡಾಕ್ಟರ ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ಮುಂಚೆ, ಅಡುಗೆಮನೆಯಲ್ಲಿ ಫಿರಂಗಿ ಗುಂಡುಗಳ ಹಾಗೆ ಪೇರಿಸಿದ್ದ ಎಲೆಕೋಸಿನ ರಾಶಿಯನ್ನೂ ಅದರ ಎದುರು ಏಪ್ರನ್ ಕಟ್ಟಿ ನಿಂತಿದ್ದ ಸೇನಾಧಿಪತಿಯನ್ನೂ ಒಮ್ಮೆ ನೋಡಿದಳು.

"ಸಹಾಯಕ್ಕೆ ಯಾರನ್ನಾದ್ರೂ ಕರೀಲಾ?"

"ಆ ಜಲಸಮಾಧಿ ಗುಂಪಿನವರನ್ನಾ? ಬೇಡ."

ಹೆಚ್ಚುವುದೇನೋ ಮುಗಿಯಿತು. ಹೆಬ್ಬೆರಳಿಗೆ ಪಟ್ಟಿ ಬಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಉಪ್ಪು ಬೆರೆಸಿಟ್ಟ. ಉಪ್ಪಿಗೆ ಕೋಸು ಬೆವರತೊಡಗಿತು. ಅದೇ ಅವನ ಸಿದ್ಧಾಂತ: ಬೆವರಿಸು, ಹಿಂಡು, ಗೆಲ್ಲು. ಆದರೆ ಹಿಂಡುವುದು ಸಿದ್ಧಾಂತದಷ್ಟು ಹಗುರವಾಗಿರಲಿಲ್ಲ. ಮೊದಲ ಬೋಗುಣಿ ಹಿಂಡುವಷ್ಟರಲ್ಲಿ ಕೋಸಿಗಿಂತ ಹೆಚ್ಚು ನೀರು ಅವನ ಮೈಯಿಂದ ಇಳಿದಿತ್ತು. ಕುರ್ಚಿಯಲ್ಲಿ ಕುಸಿದು ಕೂತು ಬೆರಳಿಗೆ ಗಾಳಿ ಊದಿಕೊಳ್ಳುತ್ತಿರುವಾಗ, ತೆರೆದ ಬಾಗಿಲಿನಿಂದ ನೆಲಮಾಳಿಗೆಯ ಮೆಟ್ಟಿಲು ಕಂಡಿತು. ಮೆಟ್ಟಿಲ ಕೆಳಗೆ ಬೆಳ್ಳಗೆ ಹೊಳೆಯುತ್ತ ನಿಂತಿತ್ತು, ವಾಷಿಂಗ್ ಮಷೀನ್.

ಒದ್ದೆ ಚಾದರವನ್ನೇ ಕ್ಷಣದಲ್ಲಿ ಹಿಂಡಿ ಬಿಸಾಕುವ ಯಂತ್ರಕ್ಕೆ ಯಃಕಶ್ಚಿತ್ ಎಲೆಕೋಸು ಯಾವ ಲೆಕ್ಕ? ದಿಂಬಿನ ಚೀಲಗಳಿಗೆ ಕೋಸು ತುಂಬಿ, ಬಾಯಿ ಕಟ್ಟಿ, ಒಳಗಿಳಿಸಿ, ಬರೀ ತಿರುಗಿಸುವ ಗುಂಡಿ ಒತ್ತಿದ. ಯಂತ್ರ ಗುಂಯ್‌ಗುಟ್ಟಿತು. ಚೀಲ ಬಿಚ್ಚಿ ನೋಡಿದರೆ ಕೋಸು ಗರಿಗರಿ, ಹುಲ್ಲಿನ ಹಾಗೆ ಒಣಗಿದೆ. ಡುವೇನ್ ಎರಡನೇ ಕಂತು ತುಂಬಿ ಮತ್ತೆ ಗುಂಡಿ ಒತ್ತಿದ. ಹೆಂಡತಿಗೆ ಫೋನ್ ಮಾಡಿದ.

"ಲೊರೇನ್, ಮನುಷ್ಯರು ಚಂದ್ರನ ಮೇಲೆ ಇಳಿದ ದಿನ ಹೀಗೇ ಅನ್ನಿಸಿರಬೇಕು."

"ಹಿಂದೆ ಏನದು ಗುಡುಗುಡು ಸದ್ದು?"

"ವಿಜ್ಞಾನ," ಎಂದು ಫೋನಿಟ್ಟ.

ಆ ವಿಜ್ಞಾನದ ಒಂದು ಅಧ್ಯಾಯ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಯಂತ್ರದ ನಡುಗಂಬದ ತಲೆಯಲ್ಲೊಂದು ಬಟ್ಟಲು ಇತ್ತು. ಬಟ್ಟೆ ಮೆತ್ತಗಾಗಿ ಘಮಘಮಿಸಲೆಂದು ಹಾಕುವ ಲ್ಯಾವೆಂಡರ್ ದ್ರಾವಣವನ್ನು ಲೊರೇನ್ ಬೆಳಿಗ್ಗೆಯೇ ಅದಕ್ಕೆ ತುಂಬಿಟ್ಟಿದ್ದಳು, ಸಂಜೆ ಬ್ರಿಜಿಟ್‌ಳ ಸಮವಸ್ತ್ರ ಒಗೆಯಲೆಂದು. ಒಮ್ಮೆ ತಿರುಗಿ ನಿಂತ ಯಂತ್ರ ಮತ್ತೆ ತಿರುಗುವಾಗ ಆ ದ್ರಾವಣ ಕೆಳಗಿಳಿಯುತ್ತದೆ. ಮೊದಲ ಕಂತಿನ ಕೋಸು ಬಚಾವಾಯಿತು. ಎರಡನೆಯದು ಅಷ್ಟೂ ಕುಡಿಯಿತು.

ಗೆದ್ದವನಿಗೆ ಸಮಾಧಾನವಿರುವುದಿಲ್ಲ. ಮೂರನೇ ಕಂತಿಗೆ ಉಳಿದದ್ದನ್ನೆಲ್ಲ ಒಟ್ಟಿಗೇ ತುರುಕಿದ. ಯಂತ್ರ ಮೊದಲು ಗೊಣಗಿತು, ಆಮೇಲೆ ಕುಣಿಯಿತು, ಆಮೇಲೆ ಗೋಡೆ ಬಿಟ್ಟು ಅವನ ಕಡೆಗೇ ನಡೆದುಕೊಂಡು ಬಂತು. ಒಳಗೆ ಎಲ್ಲೋ ಒಂದು ದಿಂಬಿನ ಚೀಲ ಪರ್‍ರೆಂದು ಹರಿಯಿತು. ಕೋಸು ನೀರು ಹೋಗುವ ಕೊಳವೆಗೆ ನುಗ್ಗಿ ಬೆಣೆ ಹೊಡೆದ ಹಾಗೆ ಕೂತಿತು. ಕೊಳವೆ ಕಳಚಿ ಹಾವಿನ ಹಾಗೆ ಎದ್ದು ನೆಲಮಾಳಿಗೆಯ ನಾಲ್ಕು ಗೋಡೆಗೂ ಉಪ್ಪುನೀರಿನ ಅಭಿಷೇಕ ಮಾಡಿತು. ಊರವರ ನೆಲಮಾಳಿಗೆಗಳನ್ನೆಲ್ಲ ಬೈದು ಬಂದ ತಪಾಸಣಾಧಿಕಾರಿ ತನ್ನದರಲ್ಲಿ ಮೊಣಕಾಲು ಒದ್ದೆ ಮಾಡಿಕೊಂಡು, ಹುಬ್ಬಿನ ಮೇಲೆ ಕೋಸಿನ ಎಳೆ ಧರಿಸಿ, ಯಂತ್ರವನ್ನು ತಬ್ಬಿ ಹಿಡಿದು ನಿಂತಿದ್ದಾಗ ಲೊರೇನ್ ಬಂದಳು. ಮೆಟ್ಟಿಲ ಮೇಲೇ ನಿಂತಳು.

"ಪೈಪಿಗೆ ಕಿವಿ ಕೊಟ್ಟಿದ್ಯಾ?" ಎಂದಳು.

ಅವಳು ಕೆಳಗಿಳಿದು, ತುಂಬಿಟ್ಟ ಬೋಗುಣಿಯ ಹತ್ತಿರ ಬಗ್ಗಿ ಮೂಸಿದಳು.

"ಡುವೇನ್, ಇದು ನಮ್ಮ ಹಾಸಿಗೆಯ ವಾಸನೆ."

"ವಿನಿಗರ್ ಹಾಕಿದ್ರೆ ಹೋಗತ್ತೆ."

"ಇದನ್ನ ಮನುಷ್ಯರಿಗೆ ಬಡಿಸಬೇಡ. ಜ್ವರ ಬಂತು ಅಂತ ಹೇಳು. ನೀರು ಬಳಿದು ನಾನೇ ಅಂಗಡಿಗೆ ಹೋಗಿ ಯಾವುದಾದ್ರೂ ಸಲಾಡ್ ತರ್ತೀನಿ."

ಅಷ್ಟರಲ್ಲಿ ಶಾಲೆ ಬಿಟ್ಟು ಬ್ರಿಜಿಟ್ ಬಂದಳು. ಕೂದಲಿಗೆ ಹೊಸ ರಿಬ್ಬನ್ನು. "ಅಪ್ಪಾ, ನಮ್ಮ ಕ್ಲಾಸಿನವರೆಲ್ಲ ನಿಮ್ಮ ಸಲಾಡೇ ಮೊದಲು ತಿಂತಾರಂತೆ. ನಾನೇ ಬಡಿಸ್ಬೇಕಂತೆ." ನೀರು, ಯಂತ್ರ, ದಿಂಬಿನ ಚೀಲ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಆ ಮುಖಕ್ಕೆ ಜ್ವರದ ಸುಳ್ಳು ಹೇಳಲು ಡುವೇನನಿಗೆ ನಾಲಿಗೆ ಏಳಲಿಲ್ಲ. ಅವನಿಗಿದ್ದ ಆಯುಧ ಆ ನಾಲಿಗೆಯೊಂದೇ, ಅದೂ ಬೇಕಾದಾಗಲೇ ಕೈಕೊಟ್ಟಿತು. ಲೊರೇನ್ ಬಕೆಟ್ ಹಿಡಿದು ಕೆಳಗಿದ್ದಾಗ ಅವನು ಇದ್ದ ವಿನಿಗರನ್ನೆಲ್ಲ ಸುರಿದು, ಮೂರೂ ಕಂತುಗಳನ್ನು ಕಲಸಿ, ಮಗಳನ್ನೂ ಬೋಗುಣಿಗಳನ್ನೂ ಕಾರಿಗೆ ಹತ್ತಿಸಿ ಹೊರಟುಬಿಟ್ಟ.

ಸಭಾಂಗಣ ಕಿಕ್ಕಿರಿದಿತ್ತು. ಹೊರಗೆ ಅಂಗಳದಲ್ಲಿ ಗಂಡಸರು ಎಣ್ಣೆಯ ಹೊಗೆಯಲ್ಲಿ ಮೀನು ಕರಿಯುತ್ತಿದ್ದರು. ಬ್ರಿಜಿಟ್ ಎರಡೂ ಕೈಯಲ್ಲಿ ಚಮಚ ಹಿಡಿದು, ತಟ್ಟೆ ತಟ್ಟೆಗೂ "ನಮ್ಮಪ್ಪ ಮಾಡಿದ್ದು" ಎನ್ನುತ್ತ ಬಡಿಸಿದಳು. ಡುವೇನ್ ಅವಳ ಹಿಂದೆ ನಗು ಅಂಟಿಸಿಕೊಂಡು ನಿಂತ.

ಮೊದಲ ತುತ್ತು ಬಾಯಿಗೆ ಹೋದ ಮೇಜುಗಳಲ್ಲಿ ಮಾತು ನಿಂತಿತು. ಆದರೆ ಆ ಊರಿನ ಜನ ಮರ್ಯಾದಸ್ಥರು. ಉಗುಳುವುದು ಅವರಿಗೆ ಗೊತ್ತಿಲ್ಲ. ಫಾದರ್ ಕ್ವಿಗ್ಲಿ ಬಹಳ ಹೊತ್ತು ಅಗಿದು, ನೀರು ಕುಡಿದು, ಕೇಳಿದರು: "ಏನೋ ಒಂದು ಹೂವಿನ ಪರಿಮಳ ಇದೆಯಲ್ಲಪ್ಪಾ ಇದರಲ್ಲಿ."

ಒಪ್ಪಿಕೊಳ್ಳಲು ಅದೊಂದು ಒಳ್ಳೆಯ ಬಾಗಿಲಾಗಿತ್ತು. ಡುವೇನ್ ಆ ಬಾಗಿಲು ಬಿಟ್ಟು ಪಕ್ಕದ ಗೋಡೆಗೇ ಹಣೆ ಚಚ್ಚಿಕೊಂಡ.

"ಲ್ಯಾವೆಂಡರ್, ಫಾದರ್. ಫ್ರೆಂಚರ ಪದ್ಧತಿ. ಎಲ್ಲರ ನಾಲಿಗೆಗೂ ಹತ್ತೋದಲ್ಲ."

ಎಲ್ಲರ ನಾಲಿಗೆಗೂ ಹತ್ತೋದಲ್ಲ ಎಂದ ಮೇಲೆ ಯಾರ ನಾಲಿಗೆ ತಾನೇ ಹಿಂದೆ ಬಿದ್ದೀತು? ಫಾದರ್ ತಲೆದೂಗಿದರು. ಪಕ್ಕದ ಮೇಜಿನ ಹೆಂಗಸೊಬ್ಬಳು ತನಗೆ ಮೊದಲ ತುತ್ತಿಗೇ ಗೊತ್ತಾಗಿತ್ತು ಎಂದಳು. ಅವಳ ಗಂಡ ಕಣ್ಣು ಮುಚ್ಚಿ, "ನಾಜೂಕು," ಎಂದ. ಹೀಗೆ ಒಂದಿಡೀ ಸಾಲಿನ ಗಣ್ಯರು ಬಟ್ಟೆಯ ದ್ರಾವಣವನ್ನು ಹೊಗಳುತ್ತಿರುವಾಗ, ಗಾಲಿ ಹಚ್ಚಿದ ವಾಕರ್ ತಳ್ಳಿಕೊಂಡು ಹೆಡ್ವಿಗ್ ಅಜ್ಜಿ ಬಂದಳು. ತನ್ನ ಜಾಗಕ್ಕೆ ಬಂದವನ ಕೈಗುಣ ನೋಡಲು ಆಸ್ಪತ್ರೆಯವರ ಹತ್ತಿರ ಜಗಳ ಆಡಿ ಬಂದಿದ್ದಳು. ಒಂದು ಎಳೆ ಬಾಯಿಗಿಟ್ಟಳು. ಕರವಸ್ತ್ರಕ್ಕೆ ಉಗುಳಿದಳು.

"ಏನಯ್ಯಾ ಇದು? ನಮ್ಮ ಯಜಮಾನರನ್ನ ಶವದ ಪೆಟ್ಟಿಗೇಲಿ ಮಲಗಿಸಿದಾಗ ತಲೆ ಕೆಳಗಿಟ್ಟ ದಿಂಬಿಗೆ ಇದೇ ವಾಸನೆ ಇತ್ತು."

"ಅಜ್ಜಿ, ಇದು ಫ್ರೆಂಚ್..."

"ಅಲ್ಲ," ಎಂದಳು ಬ್ರಿಜಿಟ್. ಅವಳ ಮುಖ ಕೆಂಪಾಗಿತ್ತು. ಅಪ್ಪನನ್ನು ನೋಡಿದಳು, ಕೈಯ ಚಮಚ ನೋಡಿದಳು. "ನಮ್ಮಪ್ಪ ವಾಷಿಂಗ್ ಮಷೀನಲ್ಲಿ ಮಾಡಿದ್ದು. ಬಟ್ಟೆ ವಾಸನೆ ಅದು. ಆದ್ರೆ ತುಂಬಾ ಕಷ್ಟಪಟ್ಟಿದ್ದಾರೆ."

ಚಮಚಗಳೆಲ್ಲ ತಟ್ಟೆಗೆ ಬಿದ್ದ ಸದ್ದು ಒಟ್ಟಿಗೇ ಕೇಳಿಸಿತು. ನಾಜೂಕು ಎಂದವನು ಶೌಚಾಲಯದ ಕಡೆ ಓಡಿದ. ಆಮೇಲೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅದು ಮೇಜಿನಿಂದ ಮೇಜಿಗೆ ಹತ್ತಿಕೊಂಡು ಸಭಾಂಗಣದ ಮಾಡು ಹಾರುವಷ್ಟು ನಗುವಾಯಿತು. ಕೋಸಿನ ನೀರಿಳಿಸಲು ಹೊರಟವನ ನೀರು ಹೀಗೆ ಊರೆದುರು ಇಳಿಯಿತು. ಡುವೇನ್ ನಗದಿದ್ದ ಒಂದೇ ಮುಖವನ್ನು ಹುಡುಕಿದ. ಅದು ಅವನ ಪಕ್ಕದಲ್ಲೇ, ಅವನ ಏಪ್ರನ್ನಿನ ತುದಿ ಹಿಡಿದು ನಿಂತಿತ್ತು.

"ಸಾರಿ ಪುಟ್ಟಿ," ಎಂದ. "ನೀನು ಹೇಳಿದ್ದೇ ಸರಿ."

"ಮುಂದಿನ ವಾರ ಬರೀ ಬ್ರೆಡ್ ಕತ್ತರಿಸೋಣ ಅಪ್ಪಾ," ಎಂದಳು ಬ್ರಿಜಿಟ್. "ಅದಕ್ಕೆ ಮಷೀನ್ ಬೇಡ."

ಇಬ್ಬರೂ ಸೇರಿ ತಟ್ಟೆಗಳಿಂದ ಸಲಾಡನ್ನು ವಾಪಸು ಬಳಿದು ಕಸದ ಡಬ್ಬಕ್ಕೆ ಸುರಿದರು. ಡಬ್ಬದಿಂದಲೂ ಮಡಿಸಿಟ್ಟ ಬಟ್ಟೆಯ ಪರಿಮಳ ಬರುತ್ತಿತ್ತು. ಲೊರೇನ್ ಅಂಗಡಿಯ ಸಲಾಡಿನ ಡಬ್ಬಗಳನ್ನು ಹೊತ್ತು ಬಾಗಿಲಲ್ಲಿ ಕಾಣಿಸಿಕೊಂಡಳು, ಗಂಡನ ಮುಖ ನೋಡಿದಳು, ಮೊದಲ ಬಾರಿಗೆ ಏನೂ ಅನ್ನದೆ ಬಡಿಸಲು ನಿಂತಳು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಆಗ ಬಂದವರು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲುಡ್ಮಿಲಾ. ಮೂರನೇ ತರಗತಿಯಲ್ಲಿ ಡುವೇನನಿಗೆ ಪಾಠ ಹೇಳಿದವರು. ಈಗಲೂ ಅವರ ಎದುರು ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

"ಸಿಸ್ಟರ್, ನನ್ನಿಂದ ಎಲ್ಲರ ಊಟ ಹಾಳಾಯ್ತು. ಕ್ಷಮಿಸಿ."

"ಯಾಕೆ ಕ್ಷಮೆ?" ಎಂದರು ಸಿಸ್ಟರ್, ನಗದೆ. "ಇಷ್ಟು ವರ್ಷ ಈ ಜನ ಶುಕ್ರವಾರ ಇಲ್ಲಿಗೆ ಬಂದು, ಹೊಟ್ಟೆ ಬಿರಿಯ ತಿಂದು, ತಪಸ್ಸು ಮಾಡಿದ್ವಿ ಅಂತ ಹೇಳ್ಕೊಂಡು ಮನೆಗೆ ಹೋಗ್ತಿದ್ರು. ನಿಜವಾಗಿ ತಪಸ್ಸು ಮಾಡಿಸಿದವನು ನೀನೊಬ್ಬನೇ ಕಣೋ."